ಅಸಲಿ ಮಾಲು, ಅಸಲು ಲೆಕ್ಕ: ಕಾರಿನ ಆಯಿಲ್ ಫಿಲ್ಟರ್ ವ್ಯಾಪಾರ

ವಾಹನ ಬಿಡಿಭಾಗಗಳ ಮಳಿಗೆಯಲ್ಲಿ ವರ್ಷವಿಡೀ ಎಡೆಬಿಡದೆ ಮಾರಾಟವಾಗುವ ಕೆಲವೇ ಸರಕುಗಳಲ್ಲಿ ಆಯಿಲ್ ಫಿಲ್ಟರ್ ಒಂದು. ಕ್ಲಚ್ ಪ್ಲೇಟಿಗೂ ಬ್ರೇಕ್ ಲೈನಿಂಗಿಗೂ ಗಿರಾಕಿ ಬರುವುದು ಅವು ಸವೆದ ಮೇಲೆ. ಫಿಲ್ಟರಿಗೆ ಮಾತ್ರ ಎಂಜಿನ್ ಎಣ್ಣೆ ಬದಲಿಸಿದಾಗಲೆಲ್ಲ ಬರಲೇಬೇಕು. ಬೆಲೆಯೂ ದೊಡ್ಡದಲ್ಲ. ಹಾಗಾಗಿ ಗಿರಾಕಿಯಾಗಲಿ, ಅವನ ಪರವಾಗಿ ಬರುವ ಮೆಕ್ಯಾನಿಕ್ ಆಗಲಿ, ಈ ಸರಕಿನ ಬಗ್ಗೆ ಹೆಚ್ಚು ವಿಚಾರ ಮಾಡುವುದಿಲ್ಲ. ಮಳಿಗೆಯವರು ಸಾಮಾನ್ಯವಾಗಿ ಮೂರು ಬಗೆಯ ಮಾಲನ್ನು ಮುಂದಿಡುತ್ತಾರೆ: ಕಾರು ಕಂಪನಿಯ ಮೊಹರಿನ ಡಬ್ಬಿಯಲ್ಲಿರುವುದು, ಫಿಲ್ಟರ್ ತಯಾರಕರ ಸ್ವಂತ ಹೆಸರಿನ ಡಬ್ಬಿಯಲ್ಲಿರುವುದು, ಮತ್ತು ಪೇಟೆಯ ಭಾಷೆಯಲ್ಲಿ ‘ಲೋಕಲ್’ ಎನಿಸಿಕೊಂಡಿರುವುದು. ಈ ಮೂರನೆಯ ಗುಂಪಿನೊಳಗೇ ಎರಡು ಜಾತಿಗಳಿವೆ. ಸಣ್ಣ ಕಾರ್ಖಾನೆಯೊಂದು ತನ್ನದೇ ಹೆಸರಿನಲ್ಲಿ ಪ್ರಾಮಾಣಿಕವಾಗಿ ಮಾಡಿದ ಮಾಲು ಒಂದು. ಪ್ರಸಿದ್ಧ ಹೆಸರೊಂದನ್ನು ಕದ್ದು ಡಬ್ಬಿಯ ಮೇಲೆ ಅಚ್ಚು ಹಾಕಿದ ಡೂಪ್ಲಿಕೇಟ್ ಇನ್ನೊಂದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಭ್ಯಾಸದಿಂದ ನಷ್ಟವಾಗುತ್ತಿರುವುದು ಮೊದಲನೆಯವನಿಗೆ.

ಅಗ್ಗದ ಬೆಲೆಗೆ ಒಳ್ಳೆಯ ಫಿಲ್ಟರ್ ಸಿಗುವುದಿಲ್ಲವೆಂಬ ಮಾತು ಪೇಟೆಯಲ್ಲಿ ಬಲವಾಗಿ ಬೇರೂರಿದೆ. ಇದು ಅರ್ಧ ಮಾತ್ರ ಸತ್ಯ. ಕೈಗೆಟಕುವ ಬೆಲೆಯ ಉತ್ತಮ ಮಾಲು ಇದ್ದೇ ಇದೆ. ಅದನ್ನು ಹುಡುಕಿ, ಬಿಲ್ಲಿನೊಡನೆ ಕೊಂಡು, ಗಿರಾಕಿಗೆ ತಿಳಿಸಿ ಮಾರುವ ಶ್ರಮವನ್ನು ವಿತರಣೆಯ ಸರಪಳಿಯಲ್ಲಿ ಯಾರೂ ವಹಿಸಿಕೊಳ್ಳುತ್ತಿಲ್ಲ. ಡೂಪ್ಲಿಕೇಟ್ ಮಾಲಿನಲ್ಲಿ ಲಾಭ ಹೆಚ್ಚೆಂಬ ನಂಬಿಕೆಯೂ ಲೆಕ್ಕದ ಪುಸ್ತಕವನ್ನು ಪೂರ್ತಿ ಬರೆಯದೆ ಅರ್ಧಕ್ಕೇ ಮುಚ್ಚಿದವರ ನಂಬಿಕೆ.

ಲೆಕ್ಕಕ್ಕೆ ಇಳಿಯುವ ಮುನ್ನ ಸರಕಿನ ಗುಣ ಎಲ್ಲಿ ಅಡಗಿದೆಯೆಂಬುದನ್ನು ನೋಡುವುದು ಉಚಿತ. ಎಂಜಿನ್ ಓಡುವಾಗ ಲೋಹದ ಸಣ್ಣ ಕಣಗಳು, ಮಸಿ, ಗಾಳಿಯೊಡನೆ ಒಳಸೇರಿದ ಧೂಳು ಎಣ್ಣೆಯಲ್ಲಿ ಬೆರೆಯುತ್ತವೆ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ಹೇಳುವುದುಂಟು. ಬೇರಿಂಗುಗಳ ನಡುವೆ ನಿಲ್ಲುವ ಎಣ್ಣೆಯ ಪದರ ಅದರ ಒಂದು ಅಲ್ಪ ಭಾಗ ಮಾತ್ರ. ಆದುದರಿಂದ ಕಣ್ಣಿಗೆ ಕಾಣದ ಕಣಗಳೇ ಹೆಚ್ಚು ಸವೆತವನ್ನು ಉಂಟುಮಾಡುತ್ತವೆ. ಅವುಗಳನ್ನು ತಡೆಯುವುದು ರಾಳದಲ್ಲಿ ಅದ್ದಿ ಹದಗೊಳಿಸಿದ, ಮಡಿಕೆ ಮಡಿಕೆಯಾಗಿ ಜೋಡಿಸಿದ ವಿಶೇಷ ಕಾಗದ. ದುಬಾರಿ ಫಿಲ್ಟರುಗಳಲ್ಲಿ ಕೃತಕ ನಾರು ಅಥವಾ ಗಾಜಿನ ನಾರು ಬೆರೆತ ಹಾಳೆ. ಡಬ್ಬಿಯ ಮೇಲೆ ‘20 ಮೈಕ್ರಾನ್’ ಎಂದು ಅಚ್ಚಾದ ಮಾತ್ರಕ್ಕೆ ಏನೂ ತಿಳಿದಂತಾಗುವುದಿಲ್ಲ. ಆ ಗಾತ್ರದ ಕಣಗಳಲ್ಲಿ ಶೇಕಡಾ ಎಷ್ಟನ್ನು ತಡೆಯುತ್ತದೆಂಬುದು ಮುಖ್ಯ. ಅರ್ಧದಷ್ಟನ್ನು ತಡೆಯುವ ಕಾಗದಕ್ಕೂ ಬಹುಪಾಲನ್ನು ತಡೆಯುವ ಕಾಗದಕ್ಕೂ ಅದೇ ಅಂಕಿಯನ್ನು ಬರೆಯಬಹುದು. ಇದನ್ನು ಅಳೆಯಲು ಐಎಸ್‌ಒ 4548 ಎಂಬ ಅಂತರರಾಷ್ಟ್ರೀಯ ಮಾನಕಮಾಲೆಯಿದೆ. ಅದರ 12ನೆಯ ಭಾಗವು ಕಣಗಳನ್ನು ಎಣಿಸುತ್ತ, ಎಣ್ಣೆಯನ್ನು ಫಿಲ್ಟರಿನ ಮೂಲಕ ಮತ್ತೆ ಮತ್ತೆ ಹಾಯಿಸಿ ಪರೀಕ್ಷಿಸುವ ಕ್ರಮವನ್ನು ವಿಧಿಸುತ್ತದೆ. ತಯಾರಕರಿಂದ ಈ ಪರೀಕ್ಷೆಯ ವರದಿ ಕೇಳುವ ಸಗಟು ವರ್ತಕರು ವಿರಳ. ಕೇಳಿದರೆ ಕೊಡಬಲ್ಲ ತಯಾರಕರಂತೂ ಇದ್ದಾರೆ.

ಕಾಗದದಷ್ಟೇ ಮಹತ್ವ ಉಳ್ಳವು ಎರಡು ವಾಲ್ವುಗಳು. ಎಂಜಿನ್ ನಿಂತ ಮೇಲೆ ಫಿಲ್ಟರಿನೊಳಗಿನ ಎಣ್ಣೆ ಹಿಂದಕ್ಕೆ ಸೋರಿಹೋಗದಂತೆ ತಡೆಯುವ ರಬ್ಬರಿನ ಪೊರೆ ಮೊದಲನೆಯದು. ಫಿಲ್ಟರ್ ಅಡ್ಡಲಾಗಿ ಕೂರುವ ಎಂಜಿನುಗಳಲ್ಲಿ ಇದು ಕೆಟ್ಟಿದ್ದರೆ ಮುಂಜಾನೆ ಕಾರು ಚಾಲೂ ಮಾಡಿದೊಡನೆ ಕೆಲವು ಕ್ಷಣ ಒಣ ಸದ್ದು ಕೇಳಿಬರುತ್ತದೆ. ಬೇರಿಂಗುಗಳು ಎಣ್ಣೆಯಿಲ್ಲದೆ ತಿರುಗುತ್ತಿರುವ ಸದ್ದು ಅದು. ಎರಡನೆಯದು ಬೈಪಾಸ್ ವಾಲ್ವ್. ಫಿಲ್ಟರ್ ಕಟ್ಟಿಕೊಂಡಾಗ ಅಥವಾ ಚಳಿಗೆ ಎಣ್ಣೆ ಗಟ್ಟಿಯಾದಾಗ ಇದು ತೆರೆದುಕೊಂಡು ಎಣ್ಣೆಯನ್ನು ನೇರವಾಗಿ ಎಂಜಿನಿಗೆ ಬಿಡುತ್ತದೆ, ಏಕೆಂದರೆ ಎಣ್ಣೆಯೇ ಇಲ್ಲದಿರುವುದಕ್ಕಿಂತ ಶೋಧಿಸದ ಎಣ್ಣೆ ವಾಸಿ. ಕಳಪೆ ಮಾಲಿನಲ್ಲಿ ಈ ವಾಲ್ವಿನ ಸ್ಪ್ರಿಂಗ್ ಎಷ್ಟು ಸಡಿಲವಾಗಿರುತ್ತದೆಂದರೆ ಅದು ಸದಾ ತೆರೆದೇ ಇರುತ್ತದೆ. ಎಣ್ಣೆ ಕಾಗದವನ್ನು ಮುಟ್ಟುವುದೇ ಇಲ್ಲ. ಫಿಲ್ಟರ್ ಹೆಸರಿಗೆ ಮಾತ್ರ ಕುಳಿತಿರುತ್ತದೆ. ಇನ್ನು ಕೆಲವು ಎಂಜಿನುಗಳಲ್ಲಿ ಬೈಪಾಸ್ ವಾಲ್ವ್ ಎಂಜಿನಿನ ಒಡಲಲ್ಲೇ ಇರುವುದರಿಂದ ಫಿಲ್ಟರಿನಲ್ಲಿ ಇರುವುದಿಲ್ಲ. ಹೀಗಾಗಿ ಒಂದೇ ಅಳತೆಯ, ಒಂದೇ ಮರೆಯ ಎರಡು ಫಿಲ್ಟರುಗಳು ನೋಡಲು ಅವಳಿಗಳಂತಿದ್ದರೂ ಒಂದರ ಬದಲಿಗೆ ಇನ್ನೊಂದು ಸಲ್ಲದು. ‘ಮರೆ ಕೂತಿತು, ಸಾಕು’ ಎನ್ನುವ ಮೆಕ್ಯಾನಿಕರಿಗೆ ಈ ಸಂಗತಿಯನ್ನು ಗಟ್ಟಿಯಾಗಿಯೇ ಹೇಳಬೇಕಾಗಿದೆ.

ಹೊರಗಿನ ಬಣ್ಣ, ಅಚ್ಚು, ಹೊಲೋಗ್ರಾಂ ನೋಡಿ ಅಸಲಿಯನ್ನು ಗುರುತಿಸುವ ಕಾಲ ಕಳೆದುಹೋಗಿದೆ. ಡಬ್ಬಿ ಮುದ್ರಿಸುವವರ ಕೈಚಳಕ ಫಿಲ್ಟರ್ ಮಾಡುವವರಿಗಿಂತ ಮುಂದಿದೆ. ಫಿಲ್ಟರನ್ನು ಕತ್ತರಿಸಿ ನೋಡುವುದೇ ನಂಬಬಹುದಾದ ದಾರಿ. ಹೊಸ ಸರಬರಾಜುದಾರರಿಂದ ಬಂದ ಪ್ರತಿ ಪೆಟ್ಟಿಗೆಯಲ್ಲಿ ಒಂದನ್ನು ಬಲಿಕೊಟ್ಟರೆ ಆಗುವ ವೆಚ್ಚ ಒಂದು ಫಿಲ್ಟರಿನದು ಮಾತ್ರ. ಗರಗಸದಿಂದ ಕೊಯ್ದರೆ ಲೋಹದ ಪುಡಿ ಒಳಸೇರಿ ದಾರಿ ತಪ್ಪಿಸುತ್ತದೆ. ಪೈಪು ಕತ್ತರಿಸುವ ಉಪಕರಣದಂತೆಯೇ ಸುತ್ತ ತಿರುಗುವ ಫಿಲ್ಟರ್ ಕಟರ್ ದೊರೆಯುತ್ತದೆ. ತೆರೆದೊಡನೆ ಮಡಿಕೆಗಳನ್ನು ಎಣಿಸಬೇಕು, ಅಸಲಿ ಮಾಲಿನೊಡನೆ ಹೋಲಿಸಬೇಕು. ಮಡಿಕೆಗಳು ಕಡಿಮೆಯಾದಷ್ಟೂ ಕಾಗದದ ವಿಸ್ತೀರ್ಣ ಕಡಿಮೆ. ಅಂತಹ ಫಿಲ್ಟರ್ 10,000 ಕಿಲೋಮೀಟರ್ ಬಾಳುವ ಬದಲು ಅರ್ಧ ದಾರಿಯಲ್ಲಿಯೇ ಕಟ್ಟಿಕೊಳ್ಳುತ್ತದೆ. ಮಡಿಕೆಗಳು ಸಮ ಅಂತರದಲ್ಲಿ ನಿಂತಿವೆಯೇ, ಒಂದೆಡೆ ಗುಂಪುಗೂಡಿವೆಯೇ ಎಂಬುದನ್ನು ನೋಡಬೇಕು. ಕಾಗದದ ಎರಡು ಅಂಚುಗಳು ಕೂಡುವಲ್ಲಿ, ಮತ್ತು ತುದಿಯ ಮುಚ್ಚಳಕ್ಕೆ ಅಂಟಿದಲ್ಲಿ ಬಿರುಕಿದ್ದರೆ ಎಣ್ಣೆಗೆ ಅದೇ ಹೆದ್ದಾರಿ. ಹದಗೊಳಿಸದ ಕಾಗದವನ್ನು ಬೆರಳಿನ ನಡುವೆ ಉಜ್ಜಿದರೆ ಮೆತ್ತಗೆ ಹರಿದುಬರುತ್ತದೆ; ಬಿಸಿ ಎಣ್ಣೆಯಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕಾಗದ ಹಾಗಿರಲಾರದು. ನಡುವಿನ ಲೋಹದ ಕೊಳವೆಯ ರಂಧ್ರಗಳು ನುಣುಪಾಗಿವೆಯೇ, ಮರೆಯ ಬಾಯಲ್ಲಿ ಲೋಹದ ಚೂರು ಉಳಿದಿದೆಯೇ ಎಂಬುದಂತೂ ಬೆರಳಾಡಿಸಿದರೆ ತಿಳಿಯುತ್ತದೆ. ಎಣ್ಣೆಯ ಕೊಳೆ ತಡೆಯಬೇಕಾದ ವಸ್ತುವೇ ಎಂಜಿನಿಗೆ ಕಬ್ಬಿಣದ ಚೂರು ಕಳಿಸುವುದು ವಿಪರ್ಯಾಸವೇ ಸರಿ. ರಬ್ಬರಿನ ಗ್ಯಾಸ್ಕೆಟ್ಟನ್ನು ಮಡಿಸಿ ನೋಡಬೇಕು. ಹೊಸದಾಗಿದ್ದೂ ಗೆರೆ ಬಿಟ್ಟರೆ ಅದು ಹಳೆಯ ದಾಸ್ತಾನು ಅಥವಾ ಮರುಬಳಕೆಯ ರಬ್ಬರು. ಈಚಿನ ಅನೇಕ ಕಾರುಗಳಲ್ಲಿ ಲೋಹದ ಡಬ್ಬಿಯೇ ಇಲ್ಲದೆ ಕಾಗದದ ಒಳಭಾಗವನ್ನಷ್ಟೇ ಬದಲಿಸುವ ವ್ಯವಸ್ಥೆಯಿದೆ. ಅವುಗಳಲ್ಲಿ ಕತ್ತರಿಸುವ ಪ್ರಮೇಯವಿಲ್ಲ, ಎಲ್ಲವೂ ಕಣ್ಣೆದುರೇ ಇರುತ್ತದೆ. ಜೊತೆಗೆ ಬರಬೇಕಾದ ರಬ್ಬರ್ ಉಂಗುರ ಡಬ್ಬಿಯಲ್ಲಿ ಇದೆಯೇ ಎಂದು ನೋಡಿದರೆ ಸಾಕು.

ಈಗ ಲೆಕ್ಕ. ಒಂದು ಮಧ್ಯಮ ಗಾತ್ರದ ಮಳಿಗೆಯಲ್ಲಿ ಒಂದೇ ಮಾದರಿಯ 200 ಫಿಲ್ಟರುಗಳು ತಿಂಗಳಿಗೆ ಮಾರಾಟವಾಗುತ್ತವೆಂದು ಇಟ್ಟುಕೊಳ್ಳೋಣ. ತಯಾರಕರ ಹೆಸರಿನ ಉತ್ತಮ ಮಾಲು ತೆರಿಗೆ ಸೇರಿ 110 ರೂಪಾಯಿಗೆ ಬಂದು 140 ರೂಪಾಯಿಗೆ ಹೋಗಲಿ. ಬಿಲ್ಲಿಲ್ಲದ ಡೂಪ್ಲಿಕೇಟ್ 45 ರೂಪಾಯಿಗೆ ಬಂದು 120 ರೂಪಾಯಿಗೆ ಹೋಗಲಿ. ಬೆಲೆಗಳು ಉದಾಹರಣೆಗಾಗಿ ಮಾತ್ರ; ಓದುಗರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು. ಮೇಲ್ನೋಟಕ್ಕೆ ಮೊದಲನೆಯದರಲ್ಲಿ 30 ರೂಪಾಯಿ, ಎರಡನೆಯದರಲ್ಲಿ 75 ರೂಪಾಯಿ ಉಳಿಯುತ್ತದೆ. ವರ್ಷಕ್ಕೆ 2,400 ಫಿಲ್ಟರುಗಳ ಮೇಲೆ 1,08,000 ರೂಪಾಯಿಯ ವ್ಯತ್ಯಾಸ. ಆಸೆ ಹುಟ್ಟಿಸುವ ಮೊತ್ತವೇ ಹೌದು. ಆದರೆ 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳೆಲ್ಲಕ್ಕೂ ಶೇಕಡಾ 18ರ ಏಕರೂಪದ ಜಿಎಸ್‌ಟಿ ಇದೆ. ಉತ್ತಮ ಮಾಲಿನ ಮಾರಾಟದ ಮೇಲಿನ ತೆರಿಗೆ 21 ರೂಪಾಯಿ 36 ಪೈಸೆ; ಖರೀದಿಯಲ್ಲಿ ಕೊಟ್ಟ 16 ರೂಪಾಯಿ 78 ಪೈಸೆಯ ಇನ್‌ಪುಟ್ ಕ್ರೆಡಿಟ್ ದೊರೆಯುವುದರಿಂದ ಕೈಯಿಂದ ಕಟ್ಟಬೇಕಾದದ್ದು 4 ರೂಪಾಯಿ 58 ಪೈಸೆ; ಉಳಿಯುವುದು 25 ರೂಪಾಯಿ 42 ಪೈಸೆ. ಡೂಪ್ಲಿಕೇಟ್ ಮಾಲಿಗೆ ಖರೀದಿಯ ಬಿಲ್ಲೇ ಇಲ್ಲ, ಹಾಗಾಗಿ ಕ್ರೆಡಿಟ್ಟೂ ಇಲ್ಲ. 120 ರೂಪಾಯಿಯಲ್ಲಿ ಅಡಗಿದ 18 ರೂಪಾಯಿ 31 ಪೈಸೆಯನ್ನು ಪೂರ್ತಿ ಕಟ್ಟಬೇಕು. ಉಳಿಯುವುದು 56 ರೂಪಾಯಿ 69 ಪೈಸೆ. ವ್ಯತ್ಯಾಸ 45 ರೂಪಾಯಿಯಿಂದ 31 ರೂಪಾಯಿ 27 ಪೈಸೆಗೆ ಇಳಿದು, ವರ್ಷದ ‘ಹೆಚ್ಚುವರಿ ಲಾಭ’ 75,000 ರೂಪಾಯಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಅದೂ ಅಲ್ಲಿಗೆ ನಿಲ್ಲುವುದಿಲ್ಲ. ಬಿಲ್ಲಿಲ್ಲದ 45 ರೂಪಾಯಿಯ ಖರೀದಿಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವೆಚ್ಚವೆಂದು ತೋರಿಸಲು ಆಧಾರವಿಲ್ಲ. ಕೊಟ್ಟುಬಿಟ್ಟ ಹಣ ಪುಸ್ತಕದಲ್ಲಿ ಲಾಭವಾಗಿ ಕುಳಿತು ತೆರಿಗೆಯನ್ನು ಬೇಡುತ್ತದೆ. ಒಬ್ಬನೇ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಕೊಟ್ಟ ವ್ಯಾಪಾರ ವೆಚ್ಚವಂತೂ ಕೆಲವು ವಿನಾಯಿತಿಗಳ ಹೊರತು ಸಲ್ಲುವುದೇ ಇಲ್ಲ. ಮಾರಾಟಕ್ಕೂ ಬಿಲ್ಲು ಕೊಡದಿದ್ದರಾಯಿತು ಎನ್ನುವವರಿದ್ದಾರೆ. ಗಿರಾಕಿಯ ಪಾವತಿ ಯುಪಿಐ ಮೂಲಕ ಬ್ಯಾಂಕ್ ಖಾತೆಗೇ ಬರುತ್ತಿರುವ ಈ ದಿನಗಳಲ್ಲಿ ಆ ಜಾಣತನ ಎಷ್ಟು ದಿನ ನಡೆದೀತೆಂಬುದನ್ನು ಅವರೇ ಯೋಚಿಸಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವ, ವಹಿವಾಟಿನ ಮೇಲೆ ಶೇಕಡಾ 1 ಕಟ್ಟುವ ಸಣ್ಣ ವರ್ತಕರಿಗೆ ಇನ್‌ಪುಟ್ ಕ್ರೆಡಿಟ್ಟಿನ ಪ್ರಶ್ನೆ ಹೇಗೂ ಇಲ್ಲವಾದ್ದರಿಂದ ಈ ಲೆಕ್ಕ ಅವರಿಗೆ ಇಷ್ಟು ಬಿಗಿಯಾಗಿ ಅನ್ವಯಿಸುವುದಿಲ್ಲ. ಆಸೆಯ ಒತ್ತಡ ಅವರ ಮೇಲೆಯೇ ಹೆಚ್ಚು. ಆದರೆ ಮುಂದೆ ಹೇಳುವ ಹೊಣೆಗಾರಿಕೆಯಲ್ಲಿ ಅವರಿಗೂ ರಿಯಾಯಿತಿಯಿಲ್ಲ.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ‘ಉತ್ಪನ್ನ ಹೊಣೆಗಾರಿಕೆ’ ಎಂಬ ಪ್ರತ್ಯೇಕ ಅಧ್ಯಾಯವನ್ನೇ ಸೇರಿಸಿದೆ. ದೋಷಯುಕ್ತ ಸರಕಿನಿಂದ ಹಾನಿಯಾದರೆ ಸಾಮಾನ್ಯವಾಗಿ ಹೊಣೆ ತಯಾರಕನದು. ಆದರೆ ತಯಾರಕ ಯಾರೆಂದು ತಿಳಿಯದಿದ್ದರೆ, ಅಥವಾ ತಿಳಿದರೂ ಅವನಿಗೆ ನೋಟೀಸು ಜಾರಿ ಮಾಡಲಾಗದಿದ್ದರೆ, 86ನೆಯ ಪ್ರಕರಣದಂತೆ ಮಾರಿದವನೇ ಹೊಣೆ. ಡೂಪ್ಲಿಕೇಟ್ ಫಿಲ್ಟರಿನ ತಯಾರಕನಿಗೆ ವಿಳಾಸವಿರುವುದಿಲ್ಲ. ಡಬ್ಬಿಯ ಮೇಲಿನ ವಿಳಾಸ ಬೇರೊಬ್ಬರದು. ಆ ಸರಪಳಿಯಲ್ಲಿ ನಾಮಫಲಕ ತೂಗಿಹಾಕಿಕೊಂಡು ಕುಳಿತವನು ಚಿಲ್ಲರೆ ವರ್ತಕನೊಬ್ಬನೇ. ಫಿಲ್ಟರ್ ಸರಿಯಿಲ್ಲದೆ ಬೇರಿಂಗ್ ಹಿಡಿದು ನಿಂತ ಒಂದು ಎಂಜಿನಿನ ದುರಸ್ತಿಗೆ ಹತ್ತಾರು ಸಾವಿರ ರೂಪಾಯಿ ಬೇಕು. ಅಂತಹ ಎರಡು ಮೂರು ಪ್ರಕರಣಗಳು ಗ್ರಾಹಕ ಆಯೋಗದ ಮೆಟ್ಟಿಲೇರಿದರೆ ಮೇಲಿನ 75,000 ರೂಪಾಯಿ ಎಲ್ಲಿ ಉಳಿಯಿತು? ಇದಲ್ಲದೆ 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದ 103 ಮತ್ತು 104ನೆಯ ಪ್ರಕರಣಗಳು ಸುಳ್ಳು ವ್ಯಾಪಾರ ಚಿಹ್ನೆ ಹಾಕುವವನಿಗೂ ಅಂತಹ ಸರಕನ್ನು ಮಾರುವವನಿಗೂ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವನ್ನೂ 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡವನ್ನೂ ವಿಧಿಸಿವೆ. ತಾನು ಅರಿಯದೆ ಮಾರಿದೆನೆಂದು ವರ್ತಕನು ವಾದಿಸಬಹುದು, ಕಾನೂನು ಅದಕ್ಕೆ ಅವಕಾಶವನ್ನೂ ಕೊಟ್ಟಿದೆ. ಆದರೆ ಯಾರಿಂದ ಕೊಂಡೆನೆಂದು ತೋರಿಸಲು ಬಿಲ್ಲೇ ಇಲ್ಲದವನು ಆ ವಾದವನ್ನು ಯಾವ ಕಾಗದದ ಆಧಾರದ ಮೇಲೆ ಮಂಡಿಸುತ್ತಾನೆ?

ನ್ಯಾಯವಾಗಿ ಹೇಳಬೇಕೆಂದರೆ, ಹಾಳಾದ ಪ್ರತಿ ಎಂಜಿನಿಗೂ ಫಿಲ್ಟರೇ ಕಾರಣವಲ್ಲ. ಹಳೆಯ ಫಿಲ್ಟರಿನ ಗ್ಯಾಸ್ಕೆಟ್ ಎಂಜಿನಿಗೆ ಅಂಟಿಕೊಂಡೇ ಉಳಿದು, ಅದರ ಮೇಲೆ ಹೊಸದನ್ನು ಬಿಗಿದು, ದಾರಿಯಲ್ಲಿ ಎಣ್ಣೆಯೆಲ್ಲ ಸೋರಿಹೋದ ಸಂದರ್ಭಗಳಲ್ಲಿ ಒಳ್ಳೆಯ ಫಿಲ್ಟರಿನ ಮೇಲೂ ದೂರು ಬರುತ್ತದೆ. ಗ್ಯಾಸ್ಕೆಟ್ ತಾಗಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು ಬಿಗಿದರೆ ಸಾಮಾನ್ಯವಾಗಿ ಸಾಕಾಗುವಲ್ಲಿ ಪಾನಾ ಹಾಕಿ ತಿರುಗಿಸುವ ಚಟವೂ ಇದೆ. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆಯನ್ನೂ ಕಾರಿನ ಮಾದರಿಯನ್ನೂ ಬರೆದುಕೊಡುವ ಮಳಿಗೆಗೆ ಇಂತಹ ದೂರುಗಳನ್ನು ತಯಾರಕರ ಮುಂದಿಟ್ಟು ತೀರ್ಮಾನ ಪಡೆಯಲು ದಾರಿಯಿರುತ್ತದೆ.

ಹಾಗಾದರೆ ಗಿರಾಕಿಗೆ ಕಾರು ಕಂಪನಿಯ ಡಬ್ಬಿಯೊಂದೇ ಗತಿಯೇ? ಖಂಡಿತ ಅಲ್ಲ. ಬಹುತೇಕ ಕಾರು ಕಂಪನಿಗಳು ಫಿಲ್ಟರನ್ನು ಸ್ವತಃ ತಯಾರಿಸುವುದಿಲ್ಲ. ಫಿಲ್ಟರ್ ತಯಾರಕರಿಂದ ಕೊಂಡು ತಮ್ಮ ಡಬ್ಬಿಯಲ್ಲಿ ಮಾರುತ್ತವೆ. ಅದೇ ದರ್ಜೆಯ ತಯಾರಕರ ಸ್ವಂತ ಹೆಸರಿನ ಮಾಲು ತೆರೆದ ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುವಂತಿರಬೇಕು. ಇದಕ್ಕೆ ಅಡ್ಡಿಯಾಗಿದ್ದ ಒಪ್ಪಂದಗಳ ವಿಚಾರದಲ್ಲಿಯೇ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ಮೇಲೆ ಒಟ್ಟು ಸುಮಾರು 2,545 ಕೋಟಿ ರೂಪಾಯಿಯ ದಂಡ ವಿಧಿಸಿತು. ಬಿಡಿಭಾಗ ಪೂರೈಕೆದಾರರು ತೆರೆದ ಪೇಟೆಯಲ್ಲಿ ಮಾರುವುದಕ್ಕೆ ತಡೆಯೊಡ್ಡಬಾರದು, ಹೊರಗಿನ ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಮಾಡುವ ಷರತ್ತು ಹಾಕಬಾರದು ಎಂಬುದು ಆದೇಶದ ಸಾರ. ಮೇಲ್ಮನವಿಗಳು ನಡೆದವು, 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಮೂರು ಕಂಪನಿಗಳ ವಿಷಯದಲ್ಲಿ ನಿರ್ಣಯವನ್ನು ಎತ್ತಿಹಿಡಿದು ದಂಡದ ಲೆಕ್ಕವನ್ನು ಮಾತ್ರ ತಗ್ಗಿಸಿತು. ಬಿಡಿಭಾಗ ವರ್ತಕರ ಪಾಲಿಗೆ ಇಷ್ಟು ಅನುಕೂಲಕರವಾದ ನಿರ್ಣಯ ಬಂದು ದಶಕ ಕಳೆದರೂ ಅದರ ಪ್ರಯೋಜನವನ್ನು ಮಳಿಗೆಯ ಕೌಂಟರಿಗೆ ತಂದವರು ಕಡಿಮೆ. ‘ಹೊರಗಿನ ಫಿಲ್ಟರ್ ಹಾಕಿದರೆ ವಾರಂಟಿ ಹೋಗುತ್ತದೆ’ ಎಂದು ಗಿರಾಕಿ ಹೇಳಿದಾಗ ವರ್ತಕರು ತಲೆಯಾಡಿಸುವುದೇ ಹೆಚ್ಚು. ಆ ಫಿಲ್ಟರಿನಿಂದಲೇ ಹಾನಿಯಾಯಿತೆಂದಾದರೆ ಆ ಹಾನಿಗೆ ವಾರಂಟಿ ಸಿಗದಿರಬಹುದು. ಅದು ಬೇರೆ ಮಾತು, ಮತ್ತು ಒಳ್ಳೆಯ ಮಾಲನ್ನೇ ಬಿಲ್ಲಿನೊಡನೆ ಮಾರಲು ಅದೇ ಇನ್ನೊಂದು ಕಾರಣ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದೇ ಕಾರ್ಖಾನೆಯಿಂದ ಹೊರಬಂದ ಮಾತ್ರಕ್ಕೆ ಎರಡೂ ಮಾಲು ಒಂದೇ ಆಗಿರಬೇಕೆಂದಿಲ್ಲ. ಕಾರು ಕಂಪನಿ ಕೇಳಿದ ಕಾಗದ ಒಂದು, ತೆರೆದ ಪೇಟೆಗೆ ಹಾಕುವ ಕಾಗದ ಇನ್ನೊಂದು ಆಗಿರುವ ಸಾಧ್ಯತೆಯಿದೆ. ಆದುದರಿಂದಲೇ ಸಗಟು ವರ್ತಕರು ತಯಾರಕರ ಕೈಪಿಡಿಯಲ್ಲಿ ಭಾಗ ಸಂಖ್ಯೆಯನ್ನು ಹೋಲಿಸಿ, ಎರಡನ್ನೂ ಕತ್ತರಿಸಿ ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಬೆಲೆಯ ಮಾತನ್ನು ಗಿರಾಕಿಯ ಕಡೆಯಿಂದಲೂ ನೋಡಬೇಕು. ಮೇಲಿನ ಉದಾಹರಣೆಯಲ್ಲಿ ಒಳ್ಳೆಯದಕ್ಕೂ ಡೂಪ್ಲಿಕೇಟಿಗೂ ಗಿರಾಕಿ ಕೊಡುವ ಬೆಲೆಯಲ್ಲಿ ಇರುವ ಅಂತರ 20 ರೂಪಾಯಿ. ಅದನ್ನು 10,000 ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ ಒಂದು ಪೈಸೆಯ ಐದನೇ ಒಂದು ಪಾಲು. ದಿನಕ್ಕೆ 200 ಕಿಲೋಮೀಟರ್ ಓಡುವ ಟ್ಯಾಕ್ಸಿಗೆ 50 ದಿನಕ್ಕೊಮ್ಮೆ ಫಿಲ್ಟರ್ ಬೇಕು, ವರ್ಷಕ್ಕೆ ಏಳು. ಅಂದರೆ ಆ ಟ್ಯಾಕ್ಸಿಯ ಮಾಲೀಕ ವರ್ಷಕ್ಕೆ ಉಳಿಸುವುದು 140 ರೂಪಾಯಿ. ಪಣಕ್ಕಿಡುವುದು ಬ್ಯಾಂಕಿನ ಕಂತು ಇನ್ನೂ ತೀರದ ಎಂಜಿನನ್ನು. ಈ ಲೆಕ್ಕವನ್ನು ಅವನ ಮುಂದೆ ಮಾಡಿ ತೋರಿಸಿದರೆ ಡೂಪ್ಲಿಕೇಟ್ ಕೇಳುವವರು ಎಷ್ಟು ಮಂದಿ ಉಳಿದಾರು? ಬಹುತೇಕ ಸಂದರ್ಭಗಳಲ್ಲಿ ಅವನಿಗೆ ಆಯ್ಕೆಯೇ ಸಿಕ್ಕಿರುವುದಿಲ್ಲ. ಫಿಲ್ಟರ್ ತರುವುದು ಮೆಕ್ಯಾನಿಕ್. ಒಳ್ಳೆಯ ಮಾಲಿನ ಬೆಲೆ ಹಿಡಿದು ಡೂಪ್ಲಿಕೇಟ್ ಹಾಕಿದರೂ ಅವನಿಗೆ ತಿಳಿಯದು.

ತಯಾರಕರ ಪಕ್ಷವನ್ನೂ ಕೇಳದೆ ಈ ಚರ್ಚೆ ಪೂರ್ಣವಾಗದು. ಪೀಣ್ಯದಂತಹ ಕೈಗಾರಿಕಾ ವಸಾಹತುಗಳಲ್ಲಿ ಲೋಹದ ಡಬ್ಬಿ ಒತ್ತುವ ಪ್ರೆಸ್ಸು, ಮರೆ ಕೊರೆಯುವ ಯಂತ್ರ, ಅಚ್ಚು ಮಾಡುವ ಕೈ, ಯಾವುದಕ್ಕೂ ಕೊರತೆಯಿಲ್ಲ. ಫಿಲ್ಟರಿನ ಗುಣ ನಿರ್ಧಾರವಾಗುವುದು ಹೆಚ್ಚಾಗಿ ಕೊಂಡು ತರುವ ವಸ್ತುಗಳಲ್ಲಿ: ಕಾಗದ, ರಬ್ಬರು, ಅಂಟು. ಸಣ್ಣ ಘಟಕವು ಮಾಲು ಕಳುಹಿಸಿ ನಾಲ್ಕು ತಿಂಗಳು ಹಣಕ್ಕಾಗಿ ಕಾದರೆ ಮುಂದಿನ ಕಂತಿನ ಕಾಗದವನ್ನು ಸಾಲದಲ್ಲಿಯೇ ಕೊಳ್ಳಬೇಕು. ಸಾಲದಲ್ಲಿ ಸಿಗುವುದು ಬೇಕಾದ ಕಾಗದವಲ್ಲ, ಸಿಕ್ಕಿದ ಕಾಗದ. ಗುಣಮಟ್ಟ ಕುಸಿಯುವುದು ಕಾರ್ಖಾನೆಯ ನೆಲದ ಮೇಲಲ್ಲ, ಬಾಕಿ ವಸೂಲಿಯ ಪುಸ್ತಕದಲ್ಲಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದಂತೆ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಅಧಿನಿಯಮವು ಇದಕ್ಕೆ ಹಲ್ಲು ಕೊಟ್ಟಿತು: ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಳ್ಳುವವನು ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ಕಳೆಯಬಹುದು. ಉದ್ಯಮ ನೋಂದಣಿ ಪಡೆದ ತಯಾರಕರು ತಮ್ಮ ಪ್ರತಿ ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆಯನ್ನು ಮುದ್ರಿಸಿದರೆ ಅರ್ಧ ಕೆಲಸ ಆದಂತೆ. ಫಿಲ್ಟರಿಗೆ ಬೆಲೆ ಕಡಿಮೆ ಮಾಡೆಂದು ತಯಾರಕನನ್ನು ಹಿಂಡುವ ಸಗಟು ವರ್ತಕರು ಅದರ ಬದಲಿಗೆ 30 ದಿನದಲ್ಲಿ ಹಣ ಕೊಡುವ ಮಾತು ಕೊಟ್ಟು ನೋಡಲಿ. ಬಡ್ಡಿ ಉಳಿದಷ್ಟು ಬೆಲೆ ತಾನಾಗಿಯೇ ಇಳಿಯಲು ಅವಕಾಶವಾಗುತ್ತದೆ, ಕಾಗದವೂ ಕೆಡುವುದಿಲ್ಲ.

ಸಣ್ಣ ತಯಾರಕರಲ್ಲಿ ಕೆಲವರು ಹೆಸರಿಲ್ಲದ ಬಿಳಿ ಡಬ್ಬಿಯಲ್ಲಿ ಮಾಲು ಮಾರುತ್ತಾರೆ. ಮುಂದೆ ಅದು ಯಾರ ಹೆಸರು ಹೊತ್ತುಕೊಳ್ಳುತ್ತದೆಂಬುದು ತಮಗೆ ಸಂಬಂಧಿಸಿದ್ದಲ್ಲವೆಂಬ ಧೋರಣೆ. ಇದು ತನ್ನ ಬೇರಿಗೆ ತಾನೇ ಕೊಡಲಿ ಹಾಕಿಕೊಂಡಂತೆ. ಆ ಡಬ್ಬಿಯ ಮೇಲೆ ಕದ್ದ ಹೆಸರು ಬಿದ್ದ ಕ್ಷಣದಿಂದ ಅವರ ಮಾಲು ಅವರದೇ ಹೆಸರಿನ ಮಾಲಿಗೆ ಪ್ರತಿಸ್ಪರ್ಧಿಯಾಗುತ್ತದೆ. 2011ರ ಪೊಟ್ಟಣ ಸರಕುಗಳ ನಿಯಮಗಳಂತೆ ಚಿಲ್ಲರೆ ಮಾರಾಟದ ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಿಕೆಯ ತಿಂಗಳು ವರ್ಷ, ಗರಿಷ್ಠ ಮಾರಾಟ ಬೆಲೆ ಇರಬೇಕು. ಇವನ್ನು ಬರೆದುಕೊಂಡ ‘ಲೋಕಲ್’ ಫಿಲ್ಟರ್ ಗೌರವದಿಂದ ಮಾರಾಟವಾಗಬಲ್ಲದು. ಟೈರಿನ, ಹೆಲ್ಮೆಟ್ಟಿನ ಮೇಲೆ ಗಿರಾಕಿ ಐಎಸ್‌ಐ ಗುರುತು ಹುಡುಕುತ್ತಾನೆ. ಫಿಲ್ಟರಿನ ವಿಷಯದಲ್ಲಿ ತಯಾರಕನ ಹೆಸರು ವಿಳಾಸಗಳೇ ಅವನಿಗೆ ಸಿಗುವ ಗುರುತು.

ಡೂಪ್ಲಿಕೇಟ್ ವ್ಯಾಪಾರಕ್ಕೆ ಬೇಕಾದ ಕಚ್ಚಾ ಮಾಲಿನಲ್ಲಿ ಒಂದು ಗ್ಯಾರೇಜುಗಳಿಂದಲೇ ಹೋಗುತ್ತದೆ: ಖಾಲಿ ಡಬ್ಬಿ. ಅಸಲಿ ಫಿಲ್ಟರ್ ಹಾಕಿದ ಮೇಲೆ ಮುದ್ದೆಯಾಗದೆ ಉಳಿದ ರಟ್ಟಿನ ಡಬ್ಬಿ ರದ್ದಿಯವನ ಬಳಿ ಸೇರಿದರೆ ಅದು ಮತ್ತೆ ತುಂಬಿ ಬರಲು ಅಡ್ಡಿಯೇನು? ಡಬ್ಬಿಯನ್ನು ಗಿರಾಕಿಯ ಮುಂದೆಯೇ ಹರಿಯುವ, ತೆಗೆದ ಫಿಲ್ಟರನ್ನು ಎಣ್ಣೆ ಬಸಿದ ಮೇಲೆ ಜಜ್ಜಿಹಾಕುವ ರೂಢಿಯನ್ನು ಮೆಕ್ಯಾನಿಕರಿಗೆ ಕಲಿಸುವುದಕ್ಕೆ ಹಣ ಬೇಕಿಲ್ಲ. ಆನ್‌ಲೈನ್ ಮಾರಾಟದಲ್ಲಿ ಈ ತೊಡಕು ಇನ್ನಷ್ಟು ಆಳವಾದುದು. ಅಲ್ಲಿ ಮಾರುವವನ ಮುಖವೂ ಕಾಣದು. ಬೀದಿಯ ಮಳಿಗೆಯವರು ಆನ್‌ಲೈನ್ ಬೆಲೆಯೊಡನೆ ಸೆಣಸಾಡಿ ಸೋಲುವ ಬದಲು, ‘ಕತ್ತರಿಸಿ ನೋಡಿದ ಮಾಲು’ ಎಂದು ಹೇಳಿಕೊಳ್ಳಬಲ್ಲ ಅನುಕೂಲವನ್ನು ಬಳಸಿಕೊಳ್ಳಬಹುದು. ತೆರೆದಿಟ್ಟ ಎರಡು ಫಿಲ್ಟರುಗಳು ಕೌಂಟರಿನ ಗಾಜಿನ ಕೆಳಗಿದ್ದರೆ ಗಿರಾಕಿಗೆ ಹೆಚ್ಚು ವಿವರಣೆಯೂ ಬೇಕಾಗುವುದಿಲ್ಲ.

ವಾಣಿಜ್ಯ ಮಂಡಲಿಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಸರ್ಕಾರಕ್ಕೆ ಮನವಿ ಸಲ್ಲಿಸುವುದಷ್ಟೇ ಅಲ್ಲ. ಪರೀಕ್ಷೆಯ ವೆಚ್ಚ ಒಬ್ಬ ವರ್ತಕನಿಗೆ ಭಾರ. ಇಪ್ಪತ್ತು ಮಂದಿ ಸದಸ್ಯರು ಹಂಚಿಕೊಂಡರೆ ಹಗುರ. ಹೆಚ್ಚು ಮಾರಾಟವಾಗುವ ನಾಲ್ಕಾರು ಕಾರು ಮಾದರಿಗಳ ಫಿಲ್ಟರುಗಳನ್ನು ಪೇಟೆಯಿಂದ ಬಿಲ್ಲಿನೊಡನೆ ಕೊಂಡು, ಗುರುತು ಮುಚ್ಚಿ, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಐಎಸ್‌ಒ 4548ರ ಪ್ರಕಾರ ಪರೀಕ್ಷೆಗೆ ಕಳುಹಿಸಬಹುದು. ಬಂದ ವರದಿಯನ್ನು ಮೊದಲು ಆಯಾ ತಯಾರಕರಿಗೆ ತೋರಿಸಿ ಅವರ ಉತ್ತರವನ್ನೂ ಪಡೆದು, ಆಮೇಲೆ ಸದಸ್ಯರಿಗೆ ಹಂಚುವುದು ಉಚಿತ. ತೇರ್ಗಡೆಯಾದ ಸ್ಥಳೀಯ ತಯಾರಕರಿಂದ ಸದಸ್ಯರು ಒಟ್ಟಾಗಿ, ನಿಗದಿತ ದಿನದಲ್ಲಿ ಹಣ ಕೊಡುವ ಷರತ್ತಿನ ಮೇಲೆ ಮಾಲು ಕೊಳ್ಳುವುದು ಎರಡನೆಯ ಹಂತ. ಮೊದಲ ಸುತ್ತಿಗೆ ಎರಡು ಮಾದರಿಗಳನ್ನು ಮಾತ್ರ ತೆಗೆದುಕೊಂಡರೂ ನಷ್ಟವಿಲ್ಲ. ಬಿಡಿಭಾಗ ವರ್ತಕರ ಉಪಸಮಿತಿಯ ಮುಂದಿನ ಸಭೆಯಲ್ಲಿ ಆ ಎರಡು ಯಾವುವೆಂದು ಗೊತ್ತುಮಾಡಿ, ಸದಸ್ಯರ ಪಾಲಿನ ಮೊತ್ತವನ್ನು ನಿಗದಿಪಡಿಸಬಹುದು.